ಹೆಸರಿಗಿಂತ ಮೊದಲು ಆಸ್ಪತ್ರೆಯ ನಂಬರು ಹುಡುಕಿ

ಪ್ರಶ್ನೆ: ನಾವು ಕೋಲಾರದವರು. ನನ್ನ ಅಜ್ಜಿಯ ಅಕ್ಕ, ಅಂದರೆ ನಮ್ಮ ದೊಡ್ಡಜ್ಜಿ, ಇಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು ಎರಡನೇ ಮಹಾಯುದ್ಧದಲ್ಲಿ ಮಿಲಿಟರಿ ನರ್ಸ್ ಆಗಿದ್ದರು. ಬರ್ಮಾ, ಬಸ್ರಾ, ಇಟಲಿ ಎಲ್ಲ ಸುತ್ತಿ ಬಂದವರು ಅಂತ ಮನೆಯಲ್ಲಿ ಹೇಳುತ್ತಾರೆ. ಮದುವೆ ಆಗಲಿಲ್ಲ. 1980ರ ದಶಕದಲ್ಲಿ ತೀರಿಕೊಂಡರು. ಅವರ ಟ್ರಂಕಿನಲ್ಲಿ ನಕ್ಷತ್ರದ ಆಕಾರದ ಎರಡು ಪದಕ, ಕೆಲವು ಫೋಟೋ, ಒಂದಷ್ಟು ಕಾಗದ, ಪೋಸ್ಟಾಫೀಸಿನ ಪಾಸ್‌ಬುಕ್, ಮನೆಯ ಬೈಬಲ್ ಇವೆ. ಕೆಲವದರ ಚಿತ್ರ ಕಳಿಸಿದ್ದೇನೆ. ದೆಹಲಿಗೋ ಲಂಡನ್‌ಗೋ ಬರೆದರೆ ಅವರ ಪೂರ್ತಿ ಚರಿತ್ರೆ ಸಿಗುತ್ತದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ದೆಹಲಿಗೂ ಬರೆಯಬಹುದು, ಲಂಡನ್‌ಗೂ ಬರೆಯಬಹುದು. ಆದರೆ ಈಗಲೇ ಬೇಡ. ಬರೀ ಹೆಸರು ಹಿಡಿದುಕೊಂಡು ಹೋದರೆ ಎರಡೂ ಕಡೆಯಿಂದ ‘ದಾಖಲೆ ಲಭ್ಯವಿಲ್ಲ’ ಅನ್ನುವ ಒಂದು ಸಾಲಿನ ಉತ್ತರ ಬರುವ ಸಂಭವವೇ ಜಾಸ್ತಿ. ಯುದ್ಧಕಾಲದ ಕಾಗದಪತ್ರಗಳಲ್ಲಿ ಬಹುಪಾಲು ಘಟಕದ ಲೆಕ್ಕದಲ್ಲಿ ಜೋಡಿಸಿಟ್ಟವು. ನರ್ಸ್‌ಗಳ ಮಟ್ಟಿಗೆ ಘಟಕ ಅಂದರೆ ಅವರಿದ್ದ ಆಸ್ಪತ್ರೆ. ಅದಕ್ಕೊಂದು ನಂಬರು ಇರುತ್ತಿತ್ತು: ಇಂತಿಷ್ಟನೇ ಇಂಡಿಯನ್ ಜನರಲ್ ಹಾಸ್ಪಿಟಲ್, ಚಿಕ್ಕದಾಗಿ ಐಜಿಎಚ್. ಆ ಆಸ್ಪತ್ರೆ ಒಂದೂರಲ್ಲಿ ಹುಟ್ಟಿ, ರೈಲು ಹತ್ತಿ, ಹಡಗು ಹತ್ತಿ, ಇನ್ನೆಲ್ಲೋ ಡೇರೆ ಹಾಕಿದರೂ ನಂಬರು ಅದೇ. ನಂಬರು ಗೊತ್ತಾದರೆ ದೊಡ್ಡಜ್ಜಿ ಯಾವ ವರ್ಷ ಎಲ್ಲಿದ್ದರು ಅನ್ನುವುದು ಅರ್ಧಕ್ಕಿಂತ ಹೆಚ್ಚು ಬಗೆಹರಿದಂತೆ.

ಹೆಸರನ್ನು ನಂಬಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಕಡೆಯ ಹೆಣ್ಣುಮಕ್ಕಳ ಹೆಸರು ಇಂಗ್ಲಿಷ್ ಫಾರಮ್ಮಿಗೆ ಹೋದಾಗ ಏನೇನೋ ಆಗುತ್ತದೆ. ಸತ್ಯವತಿ ಅನ್ನುವ ಹೆಸರನ್ನೇ ತಗೊಳ್ಳಿ. ಸ್ಪೆಲಿಂಗಿನಲ್ಲಿ ‘ಎಚ್’ ಒಂದು ಕಡೆ ಇರಬಹುದು, ಎರಡು ಕಡೆ ಇರಬಹುದು, ಎಲ್ಲೂ ಇಲ್ಲದಿರಬಹುದು. ಇನಿಷಿಯಲ್ ಊರಿನದೋ ಅಪ್ಪನದೋ ಹೇಳಲಾಗದು. ಸರ್‌ನೇಮ್ ಏನು ಅಂತ ಗುಮಾಸ್ತ ಕೇಳಿದಾಗ ಅಪ್ಪನ ಹೆಸರನ್ನೇ ಬರೆಸಿದವರು ಬೇಕಾದಷ್ಟು ಜನ. ಮನೆಯಲ್ಲಿ ಸತ್ಯಮ್ಮ ಆಗಿದ್ದವರು ಪಟ್ಟಿಯಲ್ಲಿ ‘ಮಿಸ್ ಎಸ್. ದೇವದಾಸ್’ ಆಗಿ ಕೂತಿರುತ್ತಾರೆ. ಆದ್ದರಿಂದ ದೊಡ್ಡಜ್ಜಿಯ ಹೆಸರು ಬರಬಹುದಾದ ಎಲ್ಲ ರೂಪಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲಿ ಹುಡುಕಿದರೂ ಆ ಹಾಳೆ ಕೈಯಲ್ಲಿರಲಿ.

ನೀವು ಕಳಿಸಿದ ಚಿತ್ರಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಆ ಮಾಸಲು ಲಕೋಟೆ. ಮುಂಭಾಗದಲ್ಲಿ ನಿಮ್ಮ ಮುತ್ತಜ್ಜನ ಹೆಸರು, ಕೋಲಾರದ ವಿಳಾಸ. ಮೇಲ್ತುದಿಯಲ್ಲಿ ‘ಆನ್ ಆಕ್ಟಿವ್ ಸರ್ವಿಸ್’ ಅಂತ ಕೈಬರಹ. ಪಕ್ಕದಲ್ಲೇ ಸೆನ್ಸಾರ್ ಮುದ್ರೆ. ದುಂಡು ಮುದ್ರೆಯಲ್ಲಿ ಎಫ್‌ಪಿಒ, ಅಂದರೆ ಫೀಲ್ಡ್ ಪೋಸ್ಟ್ ಆಫೀಸ್, ಅದರ ನಂಬರು. ತಾರೀಖು ಅಳಿಸಿದೆ, 44 ಅನ್ನುವುದು ಮಾತ್ರ ಕಾಣುತ್ತದೆ. ಹಿಂಬದಿಯಲ್ಲಿ ಕಳಿಸಿದವರ ವಿಳಾಸ: ‘ಸಿಸ್ಟರ್’, ಅವರ ಹೆಸರು, ಎರಡಂಕಿಯ ಒಂದು ನಂಬರು, ‘ಐಜಿಎಚ್’. ಊರಿನ ಹೆಸರಿಲ್ಲ. ಎಲ್ಲಿದ್ದೇವೆ ಅಂತ ಬರೆಯುವ ಹಾಗೇ ಇರಲಿಲ್ಲ. ತೊಂದರೆ ಏನೆಂದರೆ ನಂಬರಿನ ಎರಡನೇ ಅಂಕಿ ಸರಿಯಾಗಿ ಮಡಿಕೆಯ ಮೇಲೆ ಬಂದಿದೆ. 1 ಇರಬಹುದು, 7 ಇರಬಹುದು. ಕತ್ತಲೆ ಕೋಣೆಯಲ್ಲಿ ಲಕೋಟೆಯನ್ನು ಮೇಜಿನ ಮೇಲೆ ಇಟ್ಟು, ಮೊಬೈಲ್ ಟಾರ್ಚನ್ನು ಪಕ್ಕದಿಂದ, ಹೆಚ್ಚುಕಡಿಮೆ ಮೇಜಿಗೆ ತಾಗುವ ಹಾಗೆ ಹಿಡಿದು ಫೋಟೋ ತೆಗೆಯಿರಿ. ಶಾಯಿ ಹೋಗಿದ್ದರೂ ಪೆನ್ನಿನ ಮುಳ್ಳು ಒತ್ತಿದ ಗೀರು ನೆರಳಾಗಿ ಕಾಣುತ್ತದೆ. ದಯವಿಟ್ಟು ಮಡಿಕೆಯನ್ನು ಇಸ್ತ್ರಿ ಹಾಕಿ ಬಿಡಿಸಬೇಡಿ. ಮಾಡುವವರಿದ್ದಾರೆ, ಅದಕ್ಕೇ ಹೇಳಿದೆ.

ಎಫ್‌ಪಿಒ ನಂಬರು ಎರಡನೇ ಸಾಕ್ಷಿ. ಸೇನೆ ಮುಂದೆ ಹೋದ ಹಾಗೆ ಈ ಅಂಚೆ ಕಚೇರಿಗಳೂ ಹಿಂದೆಯೇ ಹೋಗುತ್ತಿದ್ದವು. ಯಾವ ನಂಬರು ಯಾವ ತಿಂಗಳಲ್ಲಿ ಯಾವ ಊರಲ್ಲಿತ್ತು ಅಂತ ಅಂಚೆ ಸಂಗ್ರಹಕಾರರು ದೊಡ್ಡ ದೊಡ್ಡ ಪಟ್ಟಿಗಳನ್ನೇ ಮಾಡಿದ್ದಾರೆ. ಬೆಂಗಳೂರಿನ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯವರನ್ನು ವಿಚಾರಿಸಿ. ಹಳೇ ಮಿಲಿಟರಿ ಅಂಚೆಯ ಹುಚ್ಚಿರುವ ಒಬ್ಬರು ಸಿಕ್ಕರೆ ಸಾಕು, ಸರ್ಕಾರಿ ಕಚೇರಿಗಿಂತ ಬೇಗ ಉತ್ತರ ಬರುತ್ತದೆ. ಒಂದೇ ಒಂದು ಎಚ್ಚರಿಕೆ: ಮುದ್ರೆ ಚೆನ್ನಾಗಿದೆ ಅಂತ ಲಕೋಟೆಯನ್ನೇ ಕೇಳುತ್ತಾರೆ. ಸ್ಕ್ಯಾನ್ ಕೊಡಿ, ಲಕೋಟೆ ಕೊಡಬೇಡಿ.

ಇನ್ನು ಪದಕಗಳು. ಇವು ಆರು ಮೂಲೆಯ ಕಂಚಿನ ನಕ್ಷತ್ರಗಳು. ನಡುವೆ ಕಿರೀಟ, ರಾಜನ ಹೆಸರಿನ ಅಕ್ಷರಗಳು, ಅದರ ಸುತ್ತ ಯಾವ ಸ್ಟಾರ್ ಅನ್ನುವ ಬರಹ. ನಿಮ್ಮ ಚಿತ್ರದಲ್ಲಿ ಒಂದು ‘1939–45 ಸ್ಟಾರ್’, ಇನ್ನೊಂದು ‘ಬರ್ಮಾ ಸ್ಟಾರ್’. ರಿಬ್ಬನ್ ನೋಡಿ ತೀರ್ಮಾನ ಮಾಡಬೇಡಿ, ಅದನ್ನು ಯಾರು ಬೇಕಾದರೂ ಬದಲಾಯಿಸಿರಬಹುದು. ಲೋಹದ ಮೇಲಿನ ಅಕ್ಷರವೇ ಗಟ್ಟಿ.

ಬರ್ಮಾ ಸ್ಟಾರ್ ಇದೆ ಅಂದಮೇಲೆ ಬರ್ಮಾಕ್ಕೆ ಹೋಗಿದ್ದರು ಅಂತ ನಿಮಗೆ ಅನಿಸಿರುತ್ತದೆ. ಹಾಗೇನೂ ಇಲ್ಲ. 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗೆ ಬರ್ಮಾದ ಯುದ್ಧಭೂಮಿಯಲ್ಲಿದ್ದವರಿಗೆ ಇದನ್ನು ಕೊಟ್ಟರು, ನಿಜ. ಆದರೆ 1942ರ ಮೇ 1ರಿಂದ ಬಂಗಾಳ ಮತ್ತು ಅಸ್ಸಾಮಿನಲ್ಲಿ ಸೇವೆ ಮಾಡಿದವರಿಗೂ ಅದೇ ಸ್ಟಾರ್ ಸಿಕ್ಕಿತು. 1944ರಲ್ಲಿ ಇಂಫಾಲ್, ಕೊಹಿಮಾ ಕಾಳಗ ನಡೆದಾಗ ಗಾಯಾಳುಗಳು ದೀಮಾಪುರ, ಗುವಾಹಟಿ, ಕೊಮಿಲ್ಲಾ ಕಡೆಯ ಆಸ್ಪತ್ರೆಗಳಿಗೆ ಬರುತ್ತಿದ್ದರು. ದೊಡ್ಡಜ್ಜಿ ಅಂಥ ಕಡೆ ಇದ್ದಿರಬಹುದು. ಮನೆಯವರ ಬಾಯಲ್ಲಿ ‘ಬರ್ಮಾ ಯುದ್ಧದಲ್ಲಿದ್ದರು’ ಅನ್ನುವುದು ನಿಧಾನಕ್ಕೆ ‘ಬರ್ಮಾಕ್ಕೆ ಹೋಗಿದ್ದರು’ ಅಂತ ಆಗುವುದು ಸಹಜ ಅಲ್ವಾ? ಲಕೋಟೆಯ ಮೇಲಿನ 44 ಇದಕ್ಕೆ ಹೊಂದುತ್ತದೆ. ಆದರೂ ಎಫ್‌ಪಿಒ ಬಗೆಹರಿಯುವ ತನಕ ‘ಬರ್ಮಾ ಗಡಿ ಕಡೆ, ಊರು ಗೊತ್ತಿಲ್ಲ’ ಅಂತಲೇ ಬರೆದುಕೊಳ್ಳಿ.

ಇಟಲಿ ವಿಷಯ ಇನ್ನೂ ಮಜವಾಗಿದೆ. 1943ರ ಜೂನ್ 11ರಿಂದ 1945ರ ಮೇ 8ರ ನಡುವೆ ಇಟಲಿಯಲ್ಲಿ ಸೇವೆ ಮಾಡಿದ್ದರೆ ‘ಇಟಲಿ ಸ್ಟಾರ್’ ಅಂತ ಬೇರೆಯೇ ಪದಕವಿದೆ. ಬರ್ಮಾ ಸ್ಟಾರ್ ಇದ್ದವರಿಗೂ ಅದು ಸಿಗಬಹುದಿತ್ತು. ನಿಮ್ಮ ಟ್ರಂಕಿನಲ್ಲಿ ಅದಿಲ್ಲ. ಕಳೆದುಹೋಗಿರಬಹುದು, ಸರಿ. ಅಥವಾ ಇಟಲಿಯೇ ನಿಮ್ಮ ದೊಡ್ಡಜ್ಜಿ ಇದ್ದಲ್ಲಿಗೆ ಬಂದಿರಬಹುದು! 1941ರಿಂದ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿ ಸೈನಿಕರನ್ನು ಸಾವಿರಗಟ್ಟಲೆ ಭಾರತಕ್ಕೆ ತಂದರು. ಬೆಂಗಳೂರಿನ ಸುತ್ತ, ಜಾಲಹಳ್ಳಿಯಲ್ಲೂ ಅವರ ಶಿಬಿರಗಳಿದ್ದವು. ಅದೇ ಜಾಲಹಳ್ಳಿಯಲ್ಲಿ ಯುದ್ಧಕಾಲದಲ್ಲಿ ದೊಡ್ಡ ಮಿಲಿಟರಿ ಆಸ್ಪತ್ರೆಗಳ ಗುಂಪೇ ಎದ್ದಿತ್ತು. ‘ಹಾಸ್ಪಿಟಲ್ ಟೌನ್’ ಅಂತಲೇ ಅದನ್ನು ಕರೆಯುತ್ತಿದ್ದರು. ಈಗ ಅಲ್ಲಿ ವಾಯುಪಡೆಯವರಿದ್ದಾರೆ. ಕೋಲಾರದ ಹುಡುಗಿ ಸೇನೆ ಸೇರಿದರೆ ಮೊದಲ ಕೆಲಸಕ್ಕೆ ಬೆಂಗಳೂರಿಗೆ ಹಾಕಿರುವುದು ತೀರಾ ಸಂಭವನೀಯ. ಇಟಲಿಯವರಿಗೆ ಶುಶ್ರೂಷೆ ಮಾಡಿದ ಕತೆ ಮನೆಯಲ್ಲಿ ಹೇಳಿರುತ್ತಾರೆ, ಕೇಳಿದ ಮಕ್ಕಳಿಗೆ ‘ಇಟಲಿ’ ಮಾತ್ರ ನೆನಪಿರುತ್ತದೆ. ಇದು ನನ್ನ ಊಹೆ. ಆದರೆ ಪರೀಕ್ಷೆ ಮಾಡಬಹುದಾದ ಊಹೆ. ಟ್ರಂಕಿನಲ್ಲಿ ಇಟಾಲಿಯನ್ ಭಾಷೆಯ ಚೀಟಿ, ಕೈಯಿಂದ ಕೆತ್ತಿದ ಶಿಲುಬೆ, ಯಾರೋ ಬರೆದುಕೊಟ್ಟ ಚಿತ್ರ, ಇಂಥದ್ದೇನಾದರೂ ಇದೆಯಾ ನೋಡಿ. ಕೈದಿಗಳು ಬಿಡುವಿನಲ್ಲಿ ಇಂಥವನ್ನು ಮಾಡಿ ಕೊಡುತ್ತಿದ್ದರು.

ಬಸ್ರಾ ಮಾತ್ರ ಸುಲಭಕ್ಕೆ ಬಗೆಹರಿಯುವುದಿಲ್ಲ. ಭಾರತದ ಪಡೆ 1941ರ ಏಪ್ರಿಲ್‌ನಲ್ಲಿ ಅಲ್ಲಿ ಇಳಿಯಿತು, ಆಮೇಲೆ ಇರಾಕ್, ಇರಾನ್ ಎರಡೂ ಕಡೆ ಭಾರತೀಯ ಆಸ್ಪತ್ರೆಗಳಿದ್ದವು. ಅದೇ ಬಸ್ರಾ ಮೊದಲನೇ ಮಹಾಯುದ್ಧದಲ್ಲೂ ಬರುತ್ತದೆ. 1914ರಲ್ಲಿ ಮೆಸಪಟೋಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ, ಹೋದ ಭಾರತದ ಪಡೆ ಆ ವರ್ಷವೇ ಹಿಡಿದ ಊರೂ ಅದೇ. ನಿಮ್ಮ ವಂಶದ ಇನ್ಯಾರೋ ಗಂಡಸು ಆಗ ಹೋಗಿದ್ದು, ಎರಡು ಕತೆ ಒಂದಾಗಿರಬಹುದು. ಫೋಟೋಗಳ ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆ ಇದೆಯಾ ನೋಡಿ. ಇರಾಕಿನ ಸ್ಟುಡಿಯೋ ಹೆಸರಿದ್ದರೆ ಅಲ್ಲಿಗೆ ಮುಗಿಯಿತು.

ಡೇರೆಯ ಮುಂದೆ ನಿಂತ ನರ್ಸ್‌ಗಳ ಗುಂಪು ಫೋಟೋದಲ್ಲಿ ಭುಜಗಳನ್ನು ದೊಡ್ಡದು ಮಾಡಿ ನೋಡಿ. 1943ರಲ್ಲಿ ಹೊರಡಿಸಿದ ಸುಗ್ರೀವಾಜ್ಞೆಯ ಪ್ರಕಾರ ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವಿಸ್‌ನವರು ಕಮಿಷನ್ ಪಡೆದ ಅಧಿಕಾರಿಗಳಾದರು. ಭುಜದ ಮೇಲೆ ಅಧಿಕಾರಿಯ ಚುಕ್ಕೆಗಳಿದ್ದರೆ ಫೋಟೋ ಆ ಹೊತ್ತಿನದೋ ಆಮೇಲಿನದೋ ಇರಬೇಕು. ಬಿಲ್ಲೆಯ ಅಕ್ಷರಗಳನ್ನೂ ಓದಿ. ಯುದ್ಧದ ನಡುವೆ ಕಡಿಮೆ ಅವಧಿಯ ತರಬೇತಿ ಕೊಟ್ಟು ‘ಆಕ್ಸಿಲಿಯರಿ ನರ್ಸಿಂಗ್ ಸರ್ವಿಸ್’ ಅಂತ ಇನ್ನೊಂದು ದಳವನ್ನೂ ಕಟ್ಟಿದ್ದರು. ದೊಡ್ಡಜ್ಜಿ ಅದರಲ್ಲಿದ್ದರೆ ಹುಡುಕಬೇಕಾದ ಪಟ್ಟಿ ಬೇರೆ. ಅಧಿಕಾರಿ ಆಗಿದ್ದರೆ ಒಂದು ಅನುಕೂಲವಿದೆ: ನೇಮಕದ ವಿವರ ‘ಗೆಜೆಟ್ ಆಫ್ ಇಂಡಿಯಾ’ದಲ್ಲೋ ಇಂಡಿಯನ್ ಆರ್ಮಿ ಲಿಸ್ಟ್‌ನಲ್ಲೋ ಬಂದಿರುವ ಸಾಧ್ಯತೆ ಇದೆ. ಆರ್ಮಿ ಲಿಸ್ಟ್‌ನ ಕೆಲವು ವರ್ಷದ ಸಂಪುಟಗಳು ಇಂಟರ್ನೆಟ್ಟಿನಲ್ಲೇ ಸಿಗುತ್ತವೆ. ಅಲ್ಲಿ ಆ ಹೆಸರಿನ ಹಾಳೆ ಕೆಲಸಕ್ಕೆ ಬರುತ್ತದೆ.

ಪಾಸ್‌ಬುಕ್ಕನ್ನು ಜನ ಸುಮ್ನೆ ಪಕ್ಕಕ್ಕಿಡುತ್ತಾರೆ. ನಾನಾದರೆ ಅದನ್ನು ಸಾಲುಸಾಲಾಗಿ ಓದುತ್ತೇನೆ. ಪ್ರತಿ ತಿಂಗಳೂ ಒಂದೇ ಮೊತ್ತ ಜಮಾ ಆಗಲು ಶುರುವಾದ ತಿಂಗಳು ಯಾವುದು? ಸಂಬಳದಲ್ಲಿ ಇಷ್ಟು ಅಂತ ಮನೆಗೆ ಕಟ್ ಮಾಡಿಸಿದ್ದರೆ ಹೀಗೇ ಕಾಣುತ್ತದೆ. ಮೊತ್ತ ಏರಿದ್ದು ಯಾವಾಗ? ನಡುವೆ ಅವರೇ ಸಹಿ ಹಾಕಿ ಹಣ ತೆಗೆದ ದಿನ ಇದೆಯಾ? ಆ ದಿನ ಅವರು ಊರಲ್ಲಿದ್ದರು, ರಜೆಗೆ ಬಂದಿದ್ದರು ಅಂತ ಲೆಕ್ಕ. ಕೊನೆಗೆ ಒಂದು ದೊಡ್ಡ ಗಂಟು ಬಂದಿದ್ದರೆ ಅದು ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಹಣ ಇರಬಹುದು.

ಮನೆಯ ಹಿರಿಯರನ್ನು ಕೇಳುವಾಗ ‘ದೊಡ್ಡಜ್ಜಿ ಬಸ್ರಾಕ್ಕೆ ಹೋಗಿದ್ರಾ?’ ಅಂತ ಕೇಳಬೇಡಿ. ‘ಹೂಂ’ ಅನ್ನುತ್ತಾರೆ, ಅಷ್ಟೆ. ಯಾರ ಮದುವೆಗೆ ಅವರು ಬರಲಾಗಲಿಲ್ಲ ಅಂತ ಕೇಳಿ. ಯಾವ ಕ್ರಿಸ್‌ಮಸ್‌ಗೆ ಇದ್ದರು, ಯಾವ ಮಗುವಿನ ದೀಕ್ಷಾಸ್ನಾನಕ್ಕೆ ಬಂದಿದ್ದರು, ಬಂದಾಗ ಏನು ತಂದಿದ್ದರು ಅಂತ ಕೇಳಿ. ಮದುವೆ, ದೀಕ್ಷಾಸ್ನಾನದ ತಾರೀಖು ನಿಮ್ಮ ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲೇ ಇರುತ್ತದೆ. ಹಾಗೆ ಅವರು ಊರಲ್ಲಿ ಇದ್ದ ದಿನ, ಇಲ್ಲದ ದಿನ ಎರಡೂ ಪಟ್ಟಿಗೆ ಬರುತ್ತವೆ. ಬೈಬಲ್ಲಿನ ಆ ಹಾಳೆಯನ್ನೂ ಹುಷಾರಾಗಿ ನೋಡಿ. ಎಲ್ಲ ಸಾಲೂ ಒಂದೇ ಕೈ, ಒಂದೇ ಶಾಯಿ ಆಗಿದ್ದರೆ ಯಾರೋ ಆಮೇಲೆ ಕೂತು ನೆನಪಿನಿಂದ ಬರೆದದ್ದು. ಬೇರೆ ಬೇರೆ ಶಾಯಿ ಇದ್ದರೆ ಆಗಾಗ ಬರೆದದ್ದು, ಅದಕ್ಕೆ ತೂಕ ಜಾಸ್ತಿ.

ಯುದ್ಧಕ್ಕೆ ಮುಂಚಿನ ಬದುಕಿಗೆ ಚರ್ಚು, ಮಿಷನ್ ದಾಖಲೆಗಳೇ ಗತಿ. ಇಲ್ಲಿ ನಮ್ಮ ಜಿಲ್ಲೆಗಳವರು ಒಂದು ವಿಷಯ ತಿಳಿದಿರಬೇಕು. ತುಮಕೂರಿನಲ್ಲಿ ಇದ್ದದ್ದು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್. ಇವೆರಡರ ಸಭೆಗಳೂ 1947ರಲ್ಲಿ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಸೇರಿದವು. ಕೋಲಾರದ್ದು ಅಮೆರಿಕದ ಮೆಥೋಡಿಸ್ಟ್ ಮಿಷನ್, ಅದು ಸಿಎಸ್‌ಐಗೆ ಸೇರಲೇ ಇಲ್ಲ. ಹಾಗಾಗಿ ನಿಮ್ಮವರ ದೀಕ್ಷಾಸ್ನಾನದ ರಿಜಿಸ್ಟರಿಗೆ ಸಿಎಸ್‌ಐ ಕಚೇರಿಗೆ ಅಲೆದರೆ ಪ್ರಯೋಜನವಿಲ್ಲ. ಕೋಲಾರದ ಮೆಥೋಡಿಸ್ಟ್ ಚರ್ಚಿನಲ್ಲೇ ಕೇಳಬೇಕು. ತಾಯಿಯ ಕಡೆಯವರು ಚಿಕ್ಕಬಳ್ಳಾಪುರದವರಾಗಿದ್ದರೆ ಆ ಕಡೆಯದು ಮಾತ್ರ ಸಿಎಸ್‌ಐನಲ್ಲಿ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹವನ್ನೂ ಒಮ್ಮೆ ನೋಡಿ ಬನ್ನಿ, ಮಿಷನ್‌ಗಳ ವರದಿಗಳನ್ನು ಅಲ್ಲಿ ಕಾಪಾಡಿದ್ದಾರೆ.

ನೀವು ಹೇಳುವ ಮಿಷನ್ ಆಸ್ಪತ್ರೆ ಅಂದರೆ ಇಟಿಸಿಎಂ, ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ. ಅದು ನೂರು ವರ್ಷ ದಾಟಿದ ಸಂಸ್ಥೆ. ತರಬೇತಿ ಪಡೆದವರ ರಿಜಿಸ್ಟರ್ ಉಳಿದಿದೆಯಾ ಅಂತ ಖುದ್ದಾಗಿ ಹೋಗಿ ಕೇಳಿ, ಫೋನಿನಲ್ಲಿ ಇಂಥ ಕೆಲಸ ಆಗುವುದಿಲ್ಲ. ಇಲ್ಲಿ ಸಿಗದಿದ್ದರೆ ಅಮೆರಿಕದಲ್ಲಿ ಸಿಗಬಹುದು. ಮಿಷನರಿಗಳು ವರ್ಷವರ್ಷ ಊರಿಗೆ ವರದಿ ಕಳಿಸುತ್ತಿದ್ದರು. ಮೆಥೋಡಿಸ್ಟರ ದಾಖಲೆಗಳು ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿವೆ. ಒಂದು ಇಮೇಲ್ ಹಾಕಿ, ಖರ್ಚೇನಿಲ್ಲ.

ವಂಶವನ್ನು ಇನ್ನೂ ಹಿಂದಕ್ಕೆ ಎಳೆಯುವಾಗ ಗೋಡೆ ಅಡ್ಡ ಬಂದರೆ ಬೇಜಾರಾಗಬೇಡಿ. 1876–78ರ ಭೀಕರ ಬರಗಾಲದಲ್ಲಿ ಮಿಸ್ ಆನ್‌ಸ್ಟಿ ಅನ್ನುವವರು ಕೋಲಾರದಲ್ಲಿ ಅನಾಥಾಲಯ ನಡೆಸಿ ಮಕ್ಕಳನ್ನು ಸಾಕಿದರು. ಆ ಕೆಲಸ ಮುಂದೆ 1890ರಲ್ಲಿ ಮೆಥೋಡಿಸ್ಟ್ ಮಿಷನ್ನಿಗೆ ಹೋಯಿತು. ಕೋಲಾರದ ಎಷ್ಟೋ ಕ್ರೈಸ್ತ ಮನೆತನಗಳ ಮೊದಲ ಹೆಸರು ಆ ಮಕ್ಕಳಲ್ಲೊಬ್ಬರದು. ಅವರ ಅಪ್ಪ ಅಮ್ಮ ಯಾರು ಅಂತ ಆಗಲೂ ಬರೆದುಕೊಂಡಿರಲಿಲ್ಲ. ಹುಡುಗಿಯರು ಬೋರ್ಡಿಂಗ್ ಸ್ಕೂಲಿನಲ್ಲಿ ಓದಿ, ಅಲ್ಲಿಂದ ನರ್ಸಿಂಗಿಗೆ ಹೋದದ್ದು ಹೆಚ್ಚಾಗಿ ಇದೇ ದಾರಿಯಲ್ಲಿ.

ಇಷ್ಟೆಲ್ಲ ಆದಮೇಲೆ ದೆಹಲಿ. ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿ ಸೇನೆಯ ಫೈಲು ಹುಡುಕಲು ಹೋಗಬೇಡಿ. ಕೋಲಾರ ಆಗ ಮೈಸೂರು ಸಂಸ್ಥಾನದ್ದು, ಸೇನೆ ಭಾರತ ಸರ್ಕಾರದ್ದು. ಪತ್ರಾಗಾರ ಕೆಲಸಕ್ಕೆ ಬರುವುದು ಅವರು ಸಂಸ್ಥಾನದ ಸರ್ಕಾರಿ ಆಸ್ಪತ್ರೆಯಲ್ಲೂ ಕೆಲಸ ಮಾಡಿದ್ದರೆ ಮಾತ್ರ. ಸೇವಾ ವಿವರಕ್ಕೆ ದೆಹಲಿಯ ಸೇನಾ ಕೇಂದ್ರ ಕಚೇರಿಯಲ್ಲಿರುವ ಮಿಲಿಟರಿ ನರ್ಸಿಂಗ್ ಸರ್ವಿಸ್ ವಿಭಾಗಕ್ಕೆ ಬರೆಯಿರಿ. ಹೆಸರಿನ ಎಲ್ಲ ರೂಪ, ತಂದೆಯ ಹೆಸರು, ಹುಟ್ಟಿದ ವರ್ಷ, ಆಸ್ಪತ್ರೆಯ ನಂಬರು, ಪದಕಗಳ ಚಿತ್ರ, ಮರಣ ಪ್ರಮಾಣಪತ್ರ, ನಿಮ್ಮ ಸಂಬಂಧ ತೋರಿಸುವ ಕಾಗದ, ಇಷ್ಟೂ ಇರಲಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ‘ಖಾಸಗಿ ವಿಷಯ’ ಅಂತ ತಳ್ಳಿಹಾಕಿದರೆ ಕಾಯ್ದೆಯ 8(3)ನೇ ಕಲಂ ತೋರಿಸಿ. 20 ವರ್ಷಕ್ಕಿಂತ ಹಳೆಯ ಘಟನೆಗಳ ಮಾಹಿತಿಗೆ ಬಹುಪಾಲು ವಿನಾಯಿತಿಗಳು ಅನ್ವಯಿಸುವುದಿಲ್ಲ ಅಂತ ಅದರಲ್ಲಿದೆ. ಜೊತೆಗೆ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಆಸ್ಪತ್ರೆಯ ನಂಬರು ಹಾಕಿ ಹುಡುಕಿ.

ಲಂಡನ್ ಬಗ್ಗೆ ಹೇಳುವುದಾದರೆ, ಅಲ್ಲಿನ ಕ್ಯೂ (Kew) ಅನ್ನುವ ಕಡೆ ಇರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಒ 177 ಅನ್ನುವ ಸಾಲಿನಲ್ಲಿ ಎರಡನೇ ಮಹಾಯುದ್ಧದ ವೈದ್ಯಕೀಯ ಘಟಕಗಳ ಯುದ್ಧ ದಿನಚರಿಗಳಿವೆ. ಆಸ್ಪತ್ರೆ ಎಲ್ಲಿಂದ ಎಲ್ಲಿಗೆ ಹೊರಟಿತು, ಹಾಸಿಗೆ ಎಷ್ಟು, ಗಾಯಾಳುಗಳು ಎಷ್ಟು ಬಂದರು, ಯಾರು ಹೊಸದಾಗಿ ಸೇರಿದರು, ಇಂಥ ಸಂಗತಿ ಅದರಲ್ಲಿ ಬರುತ್ತದೆ. ಕೆಲವು ಕಡೆ ಸಿಸ್ಟರ್‌ಗಳ ಹೆಸರೂ ಇರುತ್ತದೆ. ಕ್ಯಾಟಲಾಗ್ ಪುಕ್ಕಟೆ ನೋಡಬಹುದು, ಪ್ರತಿಗೆ ದುಡ್ಡು ಕೊಡಬೇಕು. ದುಬಾರಿಯೇ. ಆದ್ದರಿಂದಲೇ 1 ಅಥವಾ 7 ಅನ್ನುವುದು ಖಾತ್ರಿಯಾಗದೆ ಆರ್ಡರ್ ಮಾಡಬೇಡಿ, ಬೇರೆ ಆಸ್ಪತ್ರೆಯ ದಿನಚರಿ ಮನೆಗೆ ಬರುತ್ತದೆ. ದೊಡ್ಡಜ್ಜಿಗೆ ‘ರಾಯಲ್ ರೆಡ್ ಕ್ರಾಸ್’ ಗೌರವವೇನಾದರೂ ಬಂದಿದ್ದರೆ ಅದು ಲಂಡನ್ ಗೆಜೆಟ್‌ನಲ್ಲಿ ಇರುತ್ತದೆ. ಅದನ್ನು ಮಾತ್ರ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹುಡುಕಬಹುದು.

ಯುದ್ಧ ಮುಗಿದ ಮೇಲಿನ ನಲವತ್ತು ವರ್ಷವನ್ನು ಎಲ್ಲರೂ ಮರೆಯುತ್ತಾರೆ. ಅವರು ಆಮೇಲೂ ನರ್ಸ್ ಆಗಿ ದುಡಿದಿದ್ದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿಯಲ್ಲಿ ಹೆಸರಿರಬಹುದು, ಎಲ್ಲಿ ಕಲಿತರು ಅನ್ನುವುದೂ ಅಲ್ಲೇ ಗೊತ್ತಾದೀತು. ಮನೆಯೋ ಸೈಟೋ ಅವರ ಹೆಸರಲ್ಲಿತ್ತು ಅಂದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರದ ನಕಲು ತೆಗೆಸಿ. ‘ಇಂಥವರ ಮಗಳು, ಇಷ್ಟು ವಯಸ್ಸು, ಇಂಥ ಕೆಲಸ’ ಅಂತ ಮೊದಲ ಪ್ಯಾರಾದಲ್ಲೇ ಬರೆದಿರುತ್ತಾರೆ. ವಯಸ್ಸನ್ನು ಅಂದಾಜು ಅಂತ ಇಟ್ಟುಕೊಳ್ಳಿ, ಆ ಕಾಲದ ಪತ್ರಬರಹಗಾರರು ಮುಖ ನೋಡಿ ಬರೆದುಬಿಡುತ್ತಿದ್ದರು.

ಸದ್ಯಕ್ಕೆ ಎರಡು ಕೆಲಸ ಮಾಡಿ. ಲಕೋಟೆಯ ಮಡಿಕೆಯ ಫೋಟೋ ನಾನು ಹೇಳಿದ ಹಾಗೆ ತೆಗೆಯಿರಿ. ಆಮೇಲೆ ಎರಡೂ ನಕ್ಷತ್ರಗಳನ್ನು ತಿರುಗಿಸಿ ಹಿಂಬದಿಯ ಫೋಟೋ ತೆಗೆಯಿರಿ. ಬ್ರಿಟಿಷ್ ಸೇನೆಯವರಿಗೆ ಕೊಟ್ಟ ಸ್ಟಾರ್‌ಗಳ ಹಿಂಬದಿ ಖಾಲಿ. ಭಾರತೀಯ ಸೇನೆಯವರಿಗೆ ಕೊಟ್ಟವುಗಳಲ್ಲಿ ನಂಬರು, ಹೆಸರು ಕೊರೆದಿರುವುದುಂಟು. ಹುಣಿಸೆಹಣ್ಣು, ಬ್ರಾಸೋ ಏನನ್ನೂ ಹಚ್ಚಿ ತಿಕ್ಕಬೇಡಿ, ಸಣ್ಣ ಅಕ್ಷರ ಸವೆದುಹೋಗುತ್ತದೆ. ಬೇರೆಯವರ ಹೆಸರಿದ್ದರೂ ಗಾಬರಿಯಾಗಬೇಡಿ, ಹಾಗೇ ಕಳಿಸಿ. ಜೊತೆಯಲ್ಲಿದ್ದ ನರ್ಸ್ ಯಾರದ್ದೋ ಆಗಿದ್ದರೆ ಅವರ ಆಸ್ಪತ್ರೆಯ ನಂಬರನ್ನೂ ಹುಡುಕೋಣ.